ಕೂಲರಿನ ಅಡಿಯ ಹಾಳೆ

ರಾಯಚೂರು
ಎರಡನೇ ಬೇಸಿಗೆಯ ಹನ್ನೊಂದನೇ ದಿನ, ೨೧೬೮

ಪ್ರಮೋದಿನಿ ಅಜ್ಜಿಗೆ, ಆರು ತಲೆಮಾರಿನಾಚೆಯ ನೀಲವ್ವನ ನಮಸ್ಕಾರ.

ಅಜ್ಜಿ ಎಂದದ್ದು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ತಲುಪುವಾಗ ನಿಮಗೆ ಇಪ್ಪತ್ತೆರಡು, ನನಗಿಂತ ಮೂರೇ ವರ್ಷ ಹೆಚ್ಚು. ನನ್ನ ಕೆಲವು ಮಾತುಗಳೂ ನಿಮಗೆ ಹೊಸವು. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಕಂಪ್ಯೂಟರುಗಳಲ್ಲಿಯೂ ಎರಡು ಬಗೆ: ಮೊಹರು ಹಾಕಿ ಕೊಡುವ ಮುಚ್ಚುಪೆಟ್ಟಿಗೆ, ಮನೆಯಲ್ಲೇ ಜೋಡಿಸುವ ತೆರೆಪೆಟ್ಟಿಗೆ. ಶಾಲೆಯಲ್ಲಿ ಮುಚ್ಚುಪೆಟ್ಟಿಗೆಯೊಂದನ್ನು ಬಿಚ್ಚಿ ನೋಡಿದೆ. ಕ್ಷಮೆ ಕೇಳು ಎಂದರು. ಕೇಳಲಿಲ್ಲ, ಶಾಲೆ ಬಿಟ್ಟೆ. ಎರಡು ವರ್ಷ ಗುಜರಿಯಲ್ಲಿ ಹೆಕ್ಕಿ ನನ್ನದೊಂದು ತೆರೆಪೆಟ್ಟಿಗೆ ಕಟ್ಟಿದೆ.

ಅದನ್ನು ಇಟ್ಟುಕೊಳ್ಳಲು ತಾಪಪರೀಕ್ಷೆ ಪಾಸಾಗಬೇಕು. ಒಂದು ಗಂಟೆ ಪೂರ್ತಿ ದುಡಿಸಿದರೂ ಪ್ರೊಸೆಸರ್ ತೊಂಬತ್ತು ಡಿಗ್ರಿ ದಾಟಬಾರದು; ದಾಟಿದರೆ ಜಪ್ತಿ. ಅದರ ಜೊತೆ ಬಂದ ಚಿಕ್ಕ ಫ್ಯಾನು ನಮ್ಮ ಬಿಸಿಲಿಗೆ ಸಾಲದು. ಆಗ ಅವ್ವ, ನೀವು ಕೊಂಡು ಡಬ್ಬಿಯಲ್ಲೇ ಬಿಟ್ಟ, ಪ್ರೊಸೆಸರ್ ತಣಿಸುವ ದೊಡ್ಡ ಕೂಲರನ್ನು ಟ್ರಂಕಿನಿಂದ ತೆಗೆದುಕೊಟ್ಟಳು. ರಸೀದಿಯಲ್ಲಿ ನಿಮ್ಮ ಹೆಸರಿತ್ತು, ತಾರೀಖಿತ್ತು; ಈ ಪತ್ರ ಕಳಿಸುತ್ತಿರುವುದು ಆ ದಿನಕ್ಕೇ. ಅದನ್ನು ಕೂರಿಸುವ ಚೌಕಟ್ಟು ನನ್ನ ಬೋರ್ಡಿಗೆ ಹೊಂದಲಿಲ್ಲ. ತಗಡು ಕತ್ತರಿಸಿ, ತೂತು ಕೊರೆದು ಹೊಂದಿಸಿದೆ.

ನಮ್ಮ ಮನೆಯಲ್ಲಿ ಹೊಸ ವಸ್ತುವಿನ ಪ್ಲಾಸ್ಟಿಕ್ ಕೀಳುವುದಿಲ್ಲ. ಕುರ್ಚಿಗಳ ಮೇಲೆ, ನೀರಿನ ಮೀಟರಿನ ಮೇಲೆ ಅದು ಹಾಗೇ ಇದೆ. ಕೂಲರಿನ ಅಡಿಯ ತಾಮ್ರಕ್ಕೂ ತೆಳು ಹಾಳೆ ಅಂಟಿತ್ತು.

“ಕಿತ್ತಿ ಅಂದ್ರ ಗೀರು ಬೀಳ್ತಾವ ನೀಲೂ, ಹಂಗ ಇರ್ಲಿ,” ಎಂದಳು ಅವ್ವ.

ಇರಲಿ ಎಂದು ಬಿಟ್ಟೆ. ಪ್ರೊಸೆಸರ್ ಮೇಲೆ ಶಾಖವನ್ನು ತಾಮ್ರಕ್ಕೆ ದಾಟಿಸುವ ಪೇಸ್ಟ್ ಬಟಾಣಿಯಷ್ಟು ಇಟ್ಟು, ಕೂಲರ್ ಕೂರಿಸಿ, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿದೆ.

ಇವತ್ತು ಬೆಳಿಗ್ಗೆ ಪರೀಕ್ಷಕ ಹಂಪಯ್ಯ ಬಂದರು. ಒಂಬತ್ತನೇ ನಿಮಿಷಕ್ಕೆ ತೊಂಬತ್ತೇಳು ಡಿಗ್ರಿ. ಬಿಚ್ಚಿದೆ. ತಾಮ್ರಕ್ಕೂ ಪೇಸ್ಟಿಗೂ ನಡುವೆ ಹಾಳೆ, ಶಾಖ ದಾಟಲು ಬಿಡದೆ, ಮುದುರಿಕೊಂಡಿತ್ತು.

“ಏನವ, ಸಾಲಿ ಬಿಟ್ಟಾಕಿ, ಲಗ್ನದ ಸೋಫಾ ಅನ್ಕೊಂಡಿಯೇನು ಇದನ್ನ?” ಹಂಪಯ್ಯ ನಕ್ಕರು. ಆಮೇಲೆ ದನಿ ತಗ್ಗಿಸಿದರು. “ಕೂಲರೇ ಕೆಟ್ಟಿತ್ತು ಅಂತ ಬರಿ. ಸಾಮಾನು ಕೆಟ್ಟಿದ್ರ ಇನ್ನೊಂದ್ ಸಲ ಪರೀಕ್ಷಾ ಸಿಗ್ತದ. ಕಟ್ಟಿದೋರ ತಪ್ಪಿಗೆ ಸಿಗಂಗಿಲ್ಲ.”

“ಬರಿಯವ್ವ, ನಿನ್ನ ಕೈ ಏನ್ ಸವಿತಾವು?” ಎಂದಳು ಅವ್ವ.

ನಾನು ಬರೆದೆ: ಕೂಲರ್ ಚೆನ್ನಾಗಿದೆ. ಹಾಳೆ ಕೀಳದವಳು ನಾನು.

“ನಾಳೆ ಜಪ್ತಿ ಗಾಡಿ ಬರ್ತದ,” ಎಂದು ಹಂಪಯ್ಯ ಕಾಗದ ಮಡಚಿಕೊಂಡು ಹೋದರು.

ಹಾಳೆ ಕಿತ್ತೆ. ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಮತ್ತೆ ಕೂರಿಸಿ ಉರಿಬಿಸಿಲಿನ ಮಧ್ಯಾಹ್ನ ಒಂದು ಗಂಟೆ ದುಡಿಸಿದೆ. ಎಪ್ಪತ್ತೆರಡು. ನಿಮ್ಮ ಕೂಲರಿನ ನಿಜವಾದ ಅಂಕಿ ಇದು. ನಾನು ಸುಳ್ಳು ಬರೆದಿದ್ದರೆ ಅದು ಕೆಟ್ಟದ್ದೆನಿಸಿಕೊಂಡು ಗುಜರಿ ಸೇರುತ್ತಿತ್ತು.

ನಾಳೆ ಗಾಡಿ ಬಂದಾಗ ಪೆಟ್ಟಿಗೆ ನಮ್ಮ ಕಟ್ಟೆಯ ಮೇಲೆ, ಬೀದಿಗೆಲ್ಲ ಕಾಣುವಂತೆ ಓಡುತ್ತಿರುತ್ತದೆ. ನಾನು ಆರಿಸುವುದಿಲ್ಲ. ಒಯ್ಯುವವರು ಪರದೆಯ ಮೇಲೆ ಆ ಅಂಕಿ ಓದಿ ತಮ್ಮ ಕೈಯಾರೆ ಆರಿಸಲಿ. ಒಯ್ದರೆ ಇನ್ನೊಂದು ಕಟ್ಟುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಕಂಪ್ಯೂಟರ್ ಬಿಚ್ಚಬೇಡ ಎನ್ನುವವರು ಅಲ್ಲಿ ಇನ್ನೂ ಯಾರೂ ಇಲ್ಲ. ಕೂಲರನ್ನು ಟ್ರಂಕಿನಲ್ಲಿಡಬೇಡಿ. ಇವತ್ತೇ ಹಾಳೆ ಕಿತ್ತು ಕೂರಿಸಿ, ಸವೆಯುವವರೆಗೆ ಓಡಿಸಿ. ಆಗ ಅದು ನನಗೆ ಸಿಗುವುದಿಲ್ಲ, ಗೊತ್ತು. ನನ್ನದನ್ನು ನಾನು ಹುಡುಕಿಕೊಳ್ಳುತ್ತೇನೆ.

ನೀಲವ್ವ