ಹಿಮದ ಹಡಗಿಗೆ ಅತ್ತೆಯವರ ಚೀಲ

ಕಲ್ಲೋಳಿ, ತಾ. ಗೋಕಾಕ
೯ ಡಿಸೆಂಬರ್ ೨೦೦೬, ಶನಿವಾರ

ಪ್ರೀತಿಯ ಶ್ರದ್ಧಾಳ ಪಪ್ಪಾ ಅವರಿಗೆ, ಸೋನಾಲಿಯ ನಮಸ್ಕಾರಗಳು.

ಹೇಗಿದ್ದೀರಿ? ಪ್ರತಿ ಪತ್ರದಲ್ಲೂ ಇದೊಂದು ಮಾತು ಬರೆದು, ನಿಮ್ಮ ಉತ್ತರಕ್ಕೂ ಕಾಯದೆ ಮುಂದಿನ ಸಾಲಿಗೆ ಹೋಗಿಬಿಡುತ್ತಿದ್ದೆ. ಈ ಸಲ ಹಾಗೆ ಕೇಳುತ್ತಿಲ್ಲ. ಜ್ವರ ಇಳಿದಿದೆಯೇ? ಊಟ ಸೇರುತ್ತಿದೆಯೇ? ನೋವು ಇದ್ದಾಗ ಯಾರನ್ನಾದರೂ ಕರೆಯುತ್ತೀರೋ, ಹಲ್ಲು ಕಚ್ಚಿ ಮಲಗುತ್ತೀರೋ? ಲಕೋಟೆಯ ಮೇಲೆ ಲೇಹದ ಬದಲು ಚಂಡೀಗಡದ ಆಸ್ಪತ್ರೆಯ ವಿಳಾಸ ನೋಡಿದಾಗಲೇ ನಮಗೆ ಎಲ್ಲ ತಿಳಿದಿದೆಯೆಂದು ನಿಮಗೆ ಗೊತ್ತಾಗಿರಬೇಕು. ಫೋನಿನಲ್ಲಿ ಕೇಳಿದರೆ ‘ಆರಾಮ ಅದೇನಿ, ಲೈನ್ ಸರಿ ಇಲ್ಲ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಈ ಹಾಳೆಗಳ ತುಂಬ ಬರೀ ಬೈಗುಳವೇ ಆದೀತು.

ಮೊದಲು ನಮ್ಮ ತಪ್ಪು. ನಾವೂ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇವೆ. ನಿಮ್ಮ ಅವ್ವ ಈ ತಿಂಗಳ ಹದಿನೆಂಟಕ್ಕೆ ದಕ್ಷಿಣ ಧ್ರುವದ ಕಡೆ ಹೊರಟಿದ್ದಾರೆ. ಇನ್ನೊಮ್ಮೆ ಓದಿಕೊಳ್ಳಿ, ನಾನು ತಪ್ಪು ಬರೆದಿಲ್ಲ. ಮೊದಲ ಸಲ ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಗೊತ್ತಾಗಲಿಲ್ಲ. ಆದದ್ದು ಇಷ್ಟು. ನಿಮ್ಮ ತಾತ್ಯಾಸಾಹೇಬ ಕಾಕಾ ಹತ್ತು ವರ್ಷದಿಂದ ಮುಂಬೈಯ ಒಂದು ಪ್ರವಾಸದ ಕಂಪನಿಯವರ ಜೊತೆ ಗಿರನಾರ, ಶಿಖರಜಿ ಯಾತ್ರೆಗಳಿಗೆ ಅಡುಗೆಗೆ ಹೋಗುತ್ತಾರಲ್ಲ, ಅದೇ ಕಂಪನಿಯವರು ಈ ವರ್ಷ ನಮ್ಮ ಜೈನರದೇ ನಲವತ್ತೆರಡು ಮಂದಿಯನ್ನು ಹಿಮದ ಸಮುದ್ರ ತೋರಿಸಲು ಕರೆದೊಯ್ಯುತ್ತಿದ್ದಾರೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಮುಟ್ಟದ ಅಡುಗೆ ಆ ಹಡಗಿನವರಿಗೆ ಬರುವುದಿಲ್ಲ. ಕಾಕಾರಿಗೆ ಮೊಣಕಾಲು ನೋವು, ಓಲಾಡುವ ಹಡಗಿನಲ್ಲಿ ನಿಲ್ಲಬೇಡಿ ಎಂದು ಡಾಕ್ಟರು ಹೇಳಿದರು. ಅವರು ಕಂಪನಿಯವರಿಗೆ ಫೋನಿನಲ್ಲೇ ಹೇಳಿಬಿಟ್ಟರಂತೆ: ‘ನನ್ನಕಿಂತ ಕೈ ಚಲೋ ಇರೂದು ನಮ್ಮ ಕಮಲವ್ವ ವೈನೀದು. ಆಕೀನ್ನ ಕರಕೊಂಡ ಹೋಗ್ರಿ.’ ಆಮೇಲೆ ನಮ್ಮ ಮನೆಗೆ ಬಂದು ತಮ್ಮ ಅತ್ತಿಗೆಯನ್ನು ಅಂಜುತ್ತಲೇ ಕೇಳಿದರು. ಅತ್ತೆಯವರು ಶೇಂಗಾ ಹಸನು ಮಾಡುತ್ತ ಕೂತಿದ್ದವರು ಮುಖ ಎತ್ತದೆ ‘ಹೊಕ್ಕೇನಿ’ ಅಂದರು. ಅಷ್ಟೇ. ಶ್ರವಣಬೆಳಗೊಳ ಬಿಟ್ಟರೆ ಕೊಲ್ಲಾಪುರದಾಚೆ ಕಾಲಿಡದ ಹೆಂಗಸು! ನಿಮಗೆ ತಿಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು. ‘ಅವಗ ಹೇಳಿದ್ರ ಥಂಡಿ ಥಂಡಿ ಅಂತ ಅಡ್ಡ ಬರ್ತಾನ. ವಿಮಾನ ಏರಿದ ಮ್ಯಾಲೆ ಹೇಳು’ ಅಂದರು.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಬಂದ ದಿನ ಓಣಿಯಲ್ಲಿ ಯಾರೂ ಮನೆಯೊಳಗೆ ಉಳಿಯಲಿಲ್ಲ. ಕಮಲವ್ವ ಏನು ಮಾಡಿದಳು ಎಂದು ಎದುರುಮನೆಯ ಕಾಶೆವ್ವ ನನ್ನನ್ನೇ ಬದಿಗೆ ಕರೆದು ಕೇಳಿದಳು. ಆಮೇಲೆ ಮುಂಬೈಯಿಂದ ಸಾಮಾನಿನ ಪಟ್ಟಿ ಬಂತು, ಮೂರು ಪುಟ. ಮೈಗೆ ಅಂಟುವ ಒಳ ಉಡುಪು, ಅದರ ಮೇಲೆ ಉಣ್ಣೆಯದು, ಅದರ ಮೇಲೆ ನೀರು ಹಿಡಿಯದ ಪ್ಯಾಂಟು. ಎರಡೆರಡು ಜೊತೆ ಕೈಗವಸು, ಕಿವಿ ಮುಚ್ಚುವ ಟೊಪ್ಪಿಗೆ, ಕಪ್ಪು ಕನ್ನಡಕ. ದೊಡ್ಡ ಕೋಟು ಮತ್ತು ರಬ್ಬರ್ ಬೂಟು ಹಡಗಿನವರೇ ಕೊಡುತ್ತಾರಂತೆ. ಬಟ್ಟೆಯ ಮಡಿಕೆಯಲ್ಲಿ ಒಂದು ಬೀಜವಾಗಲಿ, ಚಿಟಿಕೆ ಮಣ್ಣಾಗಲಿ ಇರಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆ ನೆಲಕ್ಕೆ ಹೊರಗಿನ ಹುಲ್ಲು ಕೂಡ ಹೋಗಬಾರದಂತೆ. ಹೊಲಕ್ಕೆ ಹೋಗಿ ಬರುವ ಮನೆ ನಮ್ಮದು. ಅತ್ತೆಯವರ ಶಾಲಿಗೆ ಅಂಟಿದ ಹುಲ್ಲುಮುಳ್ಳುಗಳನ್ನು ಸೂಜಿಯಿಂದ ಒಂದೊಂದಾಗಿ ತೆಗೆಯಲು ನನಗೆ ಎರಡು ಮಧ್ಯಾಹ್ನ ಹಿಡಿಯಿತು. ಮೂಡಲಗಿಯ ಮಾಲಿಂಗಪ್ಪ ನೇಯ್ದ ಕಂಬಳಿ ಒಂದು ಸಾಕು, ಈ ಪಟ್ಟಿ ಯಾತಕ್ಕೆ ಎಂದು ಅವರ ವಾದ. ಕಂಬಳಿ ಹೊದ್ದುಕೊಂಡು ಹಡಗಿನಲ್ಲಿ ಪೂರಿ ಕರಿಯಲು ಆಗುವುದಿಲ್ಲ ಎಂದು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ದೊಡ್ಡ ಗಲಾಟೆ ಆದದ್ದು ಪ್ಯಾಂಟಿನದು. ಹುಟ್ಟಿದಾಗಿನಿಂದ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ. ನಮ್ಮ ಓಣಿಯ ಹೊಲಿಗೆಯ ಸಾಯಿರಾಬಿ ಅಳತೆ ತೆಗೆದುಕೊಂಡು ಹೋಗಿ, ಒಳಗೆ ಬೆಚ್ಚನೆಯ ಬಟ್ಟೆ ಹಾಕಿ ಎರಡು ಪ್ಯಾಂಟು ಹೊಲಿದು ತಂದಳು. ಬಾಗಿಲು, ಕಿಟಕಿ ಎಲ್ಲ ಹಾಕಿ ನಡುಮನೆಯಲ್ಲಿ ತೊಡಿಸಿದೆವು. ಅತ್ತೆಯವರು ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದರು, ನಿಂತರು, ತಮ್ಮ ಎರಡೂ ಕಾಲುಗಳನ್ನು ಬೇರೆಯವರ ಕಾಲು ನೋಡುವಂತೆ ನೋಡಿಕೊಂಡರು. ‘ಇಷ್ಟು ವರ್ಷ ನೀವು ಗಂಡಸ್ರು ಹಿಂಗ ಹಗೂರಾಗಿ ಅಡ್ಡಾಡಿದ್ರ್ಯಾ?’ ಎಂದು ಮನೆಯಲ್ಲಿಲ್ಲದ ಗಂಡಸರನ್ನೆಲ್ಲ ಕೇಳಿದರು. ಸಾಯಿರಾಬಿ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಳು. ಶ್ರದ್ಧಾ ಅಜ್ಜಿಯ ಗುರುತು ಹತ್ತದೆ ಅತ್ತಳು, ಆಮೇಲೆ ಕಾಲನ್ನು ತಬ್ಬಿ ಬಿಡಲೇ ಇಲ್ಲ. ಬಸದಿಯಲ್ಲಿ ಬೇರೆಯದೇ ಚರ್ಚೆ. ಆ ಕಡೆ ಈ ತಿಂಗಳು ಹೊತ್ತು ಮುಳುಗುವುದೇ ಅಪರೂಪವಂತೆ; ಹಾಗಾದರೆ ಹೊತ್ತು ಮುಳುಗುವ ಮುಂಚೆ ಉಣ್ಣುವವರು ಯಾವಾಗ ಊಟ ನಿಲ್ಲಿಸಬೇಕು? ಹಿರಿಯರು ಎರಡು ದಿನ ಜಗ್ಗಾಡಿದರು. ಅತ್ತೆಯವರು ಕೊನೆಗೆ ಹೇಳಿದ್ದು: ‘ಸೂರ್ಯಾ ಅಲ್ಲೇ ನಿಂತಿರ್ಲಿ ಬಿಡ್ರಿ. ನಾ ಆರಕ್ಕ ಒಲಿ ಆರಸ್ತೇನಿ.’

ಇಷ್ಟೆಲ್ಲ ನಗುತ್ತಲೇ ನಡೆದಿತ್ತು. ಆದರೆ ಖರೇ ಥಂಡಿಯಲ್ಲಿ ಇದ್ದು ಬಂದವರು ಒಬ್ಬರು ಚೀಲವನ್ನು ನೋಡಿದರೆ ಒಳ್ಳೆಯದಿತ್ತು ಎಂದು ನನಗೆ ಅನಿಸುತ್ತಿತ್ತು. ನಿಮ್ಮನ್ನು ಕೇಳುವಂತಿಲ್ಲ. ನಿಮ್ಮ ಪಲ್ಟನ್ನಿನ ಅರಭಾವಿಯ ಮಾಳಪ್ಪ ರಜೆಗೆ ಬಂದಿದ್ದಾನೆಂದು ಕಾಕಾ ಹೇಳಿದರು, ಹೇಳಿಕಳಿಸಿದೆ. ಬುಧವಾರ ಬಂದ. ಪಾಪ, ಒಳ್ಳೆಯ ಮನುಷ್ಯ, ಅವನ ಮೇಲೆ ಸಿಟ್ಟು ಮಾಡಬೇಡಿ. ಚಹಾ ಕುಡಿದು ಚಾಪೆಯ ಮೇಲೆ ಸಾಮಾನೆಲ್ಲ ಹರವಿಸಿದ. ಬಿಗಿ ಬಟ್ಟೆ ಬೇಡ, ನಡುವೆ ಗಾಳಿ ಇದ್ದರೇ ಬೆಚ್ಚಗೆ ಎಂದ. ಬರಿಗೈಯಲ್ಲಿ ಕಬ್ಬಿಣ ಮುಟ್ಟಬಾರದು ಎಂದ. ಅತ್ತೆಯವರು ಸಾಲಿಯ ಹುಡುಗಿಯ ಹಾಗೆ ಮುಂದೆ ಕೂತು ಕೇಳುತ್ತಿದ್ದರು. ನಾನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಸಾಕ್ಸಿನ ಮಾತು ಬಂತು. ‘ಅವ್ವಾರ, ಇದೊಂದು ಮಾತ್ರ ಮರೀಬ್ಯಾಡ್ರಿ. ಸಾಕ್ಸ್ ಹಸಿ ಆತಂದ್ರ ಅಲ್ಲೇ ಬದಲಿ ಮಾಡ್ರಿ, ಆಮ್ಯಾಲೆ ಮಾಡೂಣು ಅನಬ್ಯಾಡ್ರಿ. ನಮ್ಮ ಹವಾಲ್ದಾರ ಸಾಹೇಬ್ರು ಆಮ್ಯಾಲೆ ಅಂದದ್ದಕ್ಕ ಕಾಲಿನ ಎರಡು ಬಳ್ಳು ಕಳಕೊಂಡ್ರಲ್ಲ, ನಿಮಗ ನಾ ಏನ ಹೇಳ್ಲಿ.’

ನಾನು ‘ಸಾಕ್ಸ್ ಹಸಿ’ ಎಂದು ಬರೆದದ್ದು ಹಾಗೇ ಇದೆ. ಮುಂದಿನ ಅಕ್ಷರ ಇಲ್ಲ. ಹವಾಲ್ದಾರ ಸಾಹೇಬರೆಂದು ಮಾಳಪ್ಪ ಕರೆಯುವುದು ನಿಮ್ಮನ್ನೊಬ್ಬರನ್ನೇ. ಅವನು ನಮ್ಮಿಬ್ಬರ ಮುಖ ನೋಡಿದ. ‘ನಿಮಗ ಗೊತ್ತಿಲ್ಲೇನ್ರಿ ವೈನಿ?’ ಅಂದ. ಕಾಲು ಹಿಮಕ್ಕೆ ಸಿಕ್ಕು ಎರಡು ತಿಂಗಳಾಗಿದೆ, ಮನೆಯವರಿಗೆ ತಿಳಿಯದೆ ಇರುತ್ತದೆಯೇ ಎಂದು ಅವನು ತಿಳಿದಿದ್ದ. ನಾನು ಎದ್ದು ಹಿತ್ತಲಿಗೆ ಹೋದೆ. ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತಿಕ್ಕತೊಡಗಿದೆ. ತಾಟು ಎರಡು ಸಲ ಕಲ್ಲಿನ ಮೇಲೆ ಬಿತ್ತು. ನವೆಂಬರ್ ಒಂದಕ್ಕೆ ನೀವು ಫೋನು ಮಾಡಿ, ಶ್ರದ್ಧಾಳಿಂದ ಸಾಲಿಯಲ್ಲಿ ಕಲಿಸಿದ ಹಾಡನ್ನು ಪೂರ್ತಿ ಹೇಳಿಸಿ, ‘ಶಾಬಾಸ್’ ಅಂದಿರಿ. ಮಾಳಪ್ಪ ಹೇಳಿದ ಲೆಕ್ಕಕ್ಕೆ ಆಪರೇಶನ್ ಆಗಿ ಆವತ್ತಿಗೆ ನಾಲ್ಕು ದಿನ. ಬೆರಳು ಕತ್ತರಿಸಿಕೊಂಡ ಮನುಷ್ಯನಿಗೆ ನಾನು ಏನು ಹೇಳಿದೆ ಗೊತ್ತೇ? ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಪಂಚಾಯತಿಯವರಿಗೆ ನೀವಾದರೂ ಒಂದು ಫೋನು ಮಾಡಿ ಎಂದು ಜಗಳ ತೆಗೆದೆ. ನೀವು ‘ಮಾಡ್ತೇನಿ’ ಅಂದಿರಿ. ಇದನ್ನು ನೆನೆಸಿಕೊಂಡರೆ ನಿಮ್ಮ ಮೇಲೆ ಬರುವಷ್ಟೇ ಸಿಟ್ಟು ನನ್ನ ಮೇಲೂ ಬರುತ್ತದೆ.

ಒಳಗೆ ಅತ್ತೆಯವರ ದನಿ ಕೇಳುತ್ತಿತ್ತು. ಅಳು ಇಲ್ಲ, ಕೂಗು ಇಲ್ಲ. ‘ಯಾವ ಕಾಲು?’ ಎಂದು ಕೇಳಿದರು. ಎಡಗಾಲು ಎಂದ ಮಾಳಪ್ಪ. ಹೇಗಾಯಿತು ಎಂದರು. ಅವನು ಹೇಳಿದ: ಮೇಲಿನ ಕಾವಲಿನ ಠಾಣ್ಯದಿಂದ ಜ್ವರ ಬಂದ ಜವಾನನನ್ನು ಇಳಿಸಿಕೊಂಡು ಬರುವಾಗ ನಿಮ್ಮ ಬೂಟಿನೊಳಗೆ ಹಿಮ ಹೋಗಿದ್ದು, ಅವನನ್ನು ಮುಟ್ಟಿಸುವ ತನಕ ನೀವು ಬೂಟು ಬಿಚ್ಚದೆ ಇದ್ದದ್ದು, ಕಿರಿಬೆರಳು ಮತ್ತು ಅದರ ಬಾಜೂದ ಬೆರಳು ಕಪ್ಪಾದದ್ದು, ಗಾಯ ಇನ್ನೂ ಮಾಯದೆ ಮೂರನೆಯ ಬೆರಳಿನ ಬಗ್ಗೆ ಡಾಕ್ಟರು ಯೋಚನೆ ಮಾಡುತ್ತಿರುವುದು. ಆ ಜವಾನ ಉಳಿದನೇ ಎಂದು ಅತ್ತೆಯವರು ಕೇಳಿದರು. ಉಳಿದ, ಈಗ ಆರಾಮ ಇದ್ದಾನೆ ಎಂದ. ಆಮೇಲೆ, ನಾನು ಕಣ್ಣಾರೆ ಕಂಡಿದ್ದೇನೆ ಅನ್ನಲಾರೆ, ಕಿವಿಯಾರೆ ಕೇಳಿದ್ದೇನೆ: ‘ಹೂಂ, ಮುಂದ ಹೇಳು. ಸಾಕ್ಸ್ ಎಷ್ಟು ಜೋಡ ಬೇಕು?’ ಇವರೇನು ಹೆಂಗಸೋ ಕಲ್ಲೋ ಎಂದುಕೊಂಡೆ. ಆ ಮಾತು ಮನಸ್ಸಿನಲ್ಲಿ ಬಂದದ್ದಕ್ಕೆ ಈಗ ನಾಚಿಕೆಯಾಗುತ್ತದೆ, ಯಾಕೆಂದರೆ ಮಾಳಪ್ಪ ಹೋದ ಮೇಲೆ ಅವರು ಉಣ್ಣಲಿಲ್ಲ. ಮರುದಿನ ಮುಂಜಾನೆ ನಾನು ಎದ್ದು ನೋಡಿದಾಗ ಚೀಲ ಖಾಲಿಯಾಗಿತ್ತು. ಪ್ಯಾಂಟು, ಟೊಪ್ಪಿಗೆ, ಕೈಗವಸು ಎಲ್ಲ ಮಡಚಿ ಕಪಾಟಿನ ಮೇಲೆ ಇಟ್ಟು, ಅವರು ಹೊಸ್ತಿಲಲ್ಲಿ ಕೂತು ತಮ್ಮ ಎಡಗಾಲಿನ ಕಿರಿಬೆರಳನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನನ್ನು ನೋಡಿ ಬಿಟ್ಟರು. ‘ಕಾಕಾಗ ಹೇಳು, ನಾ ಹೋಗೂದಿಲ್ಲ.’

ಕಾಕಾ ಓಡಿ ಬಂದರು. ಇನ್ನು ಹನ್ನೊಂದು ದಿನದಲ್ಲಿ ಯಾರ ಪಾಸ್‌ಪೋರ್ಟು, ಯಾರ ವೀಸಾ ಮಾಡಿಸಲಿ, ನಲವತ್ತೆರಡು ಮಂದಿ ಏನು ಉಣ್ಣಬೇಕು ಎಂದರು. ಮಗನ ಕಾಲು ಕೊಯ್ದಿರುವಾಗ ಹಿಮ ನೋಡಲು ಹೋದಳೆಂದು ಊರು ಅಂದೀತು ಎಂಬ ಅಂಜಿಕೆ ಅತ್ತೆಯವರಿಗಿಲ್ಲ. ಅವರ ಸಂಕಟ ಬೇರೆ. ನಿನ್ನೆ ಕಾಳು ಹಸನು ಮಾಡುವಾಗ ತಾವಾಗಿಯೇ ಹೇಳಿದರು: ‘ಅಂವಾ ಸಣ್ಣಾಂವ ಇದ್ದಾಗ ಕಾಲಿಗೆ ಮುಳ್ಳು ನಟ್ರ ಮೂರು ಓಣಿಗೆ ಕೇಳೂವಂಗ ಅಳ್ತಿದ್ದ. ಈಗ ಬಳ್ಳು ಹೋದ್ರೂ ನನಗ ಹೇಳಲಿಲ್ಲ. ನಾ ಅಷ್ಟು ದೂರ ಆದ್ನ್ಯಾ, ಸೋನಾಲಿ?’ ಇದಕ್ಕೆ ಉತ್ತರ ಅವರಿಗೆ ನೀವೇ ಹೇಳಬೇಕು. ನಮ್ಮನ್ನು ಕಾಪಾಡಲೆಂದು ಸುಳ್ಳು ಹೇಳಿದಿರಿ, ಅದು ನನಗೆ ತಿಳಿಯುತ್ತದೆ. ಆದರೆ ಎಂಟು ವರ್ಷ ಸಂಸಾರ ಮಾಡಿದ ನನಗೆ ನಿಮ್ಮ ಮೈಯ ಸುದ್ದಿಯನ್ನು ಅರಭಾವಿಯ ಮಾಳಪ್ಪ ಹೇಳಬೇಕಾಯಿತು. ಈ ಪತ್ರ ಮುಟ್ಟಿದ ಕೂಡಲೇ ಮನೆಗೆ ಫೋನು ಮಾಡಿ, ಲೈನ್ ಸರಿ ಇದ್ದರೂ ಇಲ್ಲದಿದ್ದರೂ. ಹೋಗು ಎಂದರೆ ಅವರು ಹೋಗಬಹುದು. ಹೋಗಲಿ ಎಂದೇ ನನ್ನ ಆಸೆ.

ಕಾಕಾ, ಸಾಯಿರಾಬಿ, ಓಣಿಯವರೆಲ್ಲ ನಿಮ್ಮನ್ನು ಕೇಳಿದ್ದಾರೆ. ಶ್ರದ್ಧಾ ಮುದ್ದು ಕಳಿಸಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ವರ್ಧಮಾನ ಸ್ವಾಮಿಯ ಕೃಪೆಯಿಂದ ಆ ಮೂರನೆಯ ಬೆರಳು ನಿಮ್ಮಲ್ಲೇ ಉಳಿಯಲಿ.

ನಿಮ್ಮ ಸಿಟ್ಟಿನ,
ಸೋನಾಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆಯವರು ಬಂದು ‘ಓದು’ ಅಂದರು. ಪೂರ್ತಿ ಓದಿದೆ. ಕೇಳಿ ಎದ್ದು ಹೋಗಿ ಕಪಾಟಿನ ಮೇಲಿನದನ್ನೆಲ್ಲ ಇಳಿಸಿ ಎರಡು ಪಾಲು ಮಾಡಿದರು. ಒಂದು ಪಾಲು ತಮ್ಮ ಚೀಲಕ್ಕೆ, ಇನ್ನೊಂದು ನನ್ನ ಮುಂದೆ. ‘ನಾ ಅವನ್ನ ನೋಡಾಕ ಹೋದ್ರ ಅಂವಾ ಮತ್ತ ನಕ್ಕೋತ ಸುಳ್ಳು ಹೇಳ್ತಾನ. ನಿನ್ನ ಮುಂದ ಆಗೂದಿಲ್ಲ. ನಾ ಮಾತು ಕೊಟ್ಟ ಕಡೆ ಹೊಕ್ಕೇನಿ, ನೀ ಚಂಡೀಗಡಕ ಹೋಗು, ಅಲ್ಲೂ ಥಂಡಿ ಇರ್ತೈತಿ.’ ಮಾಳಪ್ಪ ಮಂಗಳವಾರ ಘಟಪ್ರಭಾದಿಂದ ದಿಲ್ಲಿ ಗಾಡಿಗೆ ಹೊರಡುತ್ತಾನೆ, ಅವನ ಜೊತೆ ಬರುತ್ತಿದ್ದೇನೆ. ಶ್ರದ್ಧಾಳನ್ನು ಹುಕ್ಕೇರಿಗೆ, ನನ್ನ ತವರಿಗೆ ಬಿಡುತ್ತೇನೆ. ಈ ಪತ್ರ ಮೊದಲು ಮುಟ್ಟುತ್ತದೋ ನಾನು ಮೊದಲು ಮುಟ್ಟುತ್ತೇನೋ ಗೊತ್ತಿಲ್ಲ. ನಾನು ಬಂದಾಗ ಕಾಲಿನ ಮೇಲೆ ಚಾದರ ಎಳೆದುಕೊಳ್ಳಬೇಡಿ.