ಪೇನ್ ಅಂದರೆ ಹೇನಲ್ಲ

ಬಂದರ್, ಮಂಗಳೂರು
6 ಫೆಬ್ರವರಿ 2025

ಶೈಮಾಳ ಬಾಪನಿಗೆ ಮುಮ್ತಾಝ್‌ಳ ಸಲಾಂ.

ಜುಬೈಲಿನಲ್ಲಿ ನಿಮ್ಮ ಆರೋಗ್ಯ ಹೇಗಿದೆ? ಬೆನ್ನಿಗೆ ಕಳಿಸಿದ ಎಣ್ಣೆ ಮುಗಿದಿದ್ದರೆ ತಿಳಿಸಿ. ಮಗಳು ಎದ್ದು ಓಡಾಡುತ್ತಿದ್ದಾಳೆ. ಹೊಲಿಗೆ ಬಿಚ್ಚಿದ್ದಾರೆ. ಗಂಜಿ ಬೇಡ, ಮೀನು ಬೇಕು ಎಂದು ಹಟ ಮಾಡುತ್ತಾಳೆ. ನಿಮ್ಮ ಉಮ್ಮ ಮಾತ್ರ ಸರಿಯಾಗಿ ಊಟ ಮಾಡುತ್ತಿಲ್ಲ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ವಾಯ್ಸ್ ಕಳಿಸಿದರೆ ರೂಮಿನವರಿಗೆಲ್ಲ ಕೇಳಿಸುತ್ತೀರಿ. ಪಕ್ಕದ ಮನೆಯ ಬಾಸಿತ್ ರಜೆ ಮುಗಿಸಿ ಹೊರಟಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಕಾಗದದ ನಡುವೆ ಬಾಯಿ ಹಾಕಲು ನಿಮ್ಮಿಂದಾಗದು.

ಆ ದಿನ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಏಕೆಂದರೆ ನೀವು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದು ನಡೆದದ್ದಲ್ಲ. ನಾನು ಬೈಕಂಪಾಡಿಯಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿದ್ದೆ. ಶಾಲೆಯಿಂದ ಬರ್ನಡೆಟ್ ಟೀಚರ್ ಉಮ್ಮನಿಗೆ ಫೋನ್ ಮಾಡಿ, "ಶೈಮಾಗೆ ತುಂಬಾ ಪೇನ್ ಉಂಟು, ಬೇಗ ಕರ್ಕೊಂಡು ಹೋಗಿ" ಎಂದರು. ನಮ್ಮ ಬ್ಯಾರಿ ಮಾತಿನಲ್ಲಿ ಪೇನ್ ಎಂದರೆ ಹೇನು. ಉಮ್ಮನಿಗೆ ಇನ್ನೊಂದು ಪೇನ್ ಗೊತ್ತಿಲ್ಲ. ಮೊಮ್ಮಗಳ ತಲೆಯಲ್ಲಿ ಹೇನು ಎಂದು ಶಾಲೆಯವರು ಮನೆಗೆ ಕಳಿಸುತ್ತಿದ್ದಾರಲ್ಲ ಎಂದು ನಾಚಿಕೆಪಟ್ಟು ಆಟೋದಲ್ಲಿ ಹೋದರು, ಗೇಟಿನಲ್ಲಿ ಆಯಾಳ ಮುಖವನ್ನೂ ನೋಡದೆ ಶೈಮಾಳನ್ನು ಕರೆತಂದರು. ಕರ್ಪೂರದ ಎಣ್ಣೆ ಹಚ್ಚಿ, ಹೇನಿನ ಬಾಚಣಿಗೆ ಹಿಡಿದು ಕುಳಿತರು. ಮಗು ಹೊಟ್ಟೆನೋವು ಎಂದು ಅತ್ತಿತು. ಬಾಚಣಿಗೆ ಕಂಡರೆ ಅವಳಿಗೆ ದಿನವೂ ಒಂದು ನೆಪ ಇರುತ್ತದೆ, ನಿಮಗೂ ಗೊತ್ತು. ಉಮ್ಮ ಅದನ್ನೂ ನೆಪವೆಂದುಕೊಂಡರು. ಸಂಜೆ ನಾನು ಬರುವಾಗ ಶೈಮಾ ತಲೆಗೆ ಬಟ್ಟೆ ಸುತ್ತಿಕೊಂಡು ಮುದುಡಿ ಮಲಗಿದ್ದಳು, ಮೈ ಸುಡುತ್ತಿತ್ತು. ಅಪೆಂಡಿಕ್ಸ್. "ಇನ್ನು ಸ್ವಲ್ಪ ತಡ ಆಗಿದ್ರೆ ಒಳಗೇ ಒಡೀತಿತ್ತು" ಎಂದರು ಡಾಕ್ಟರ್. ಆಪರೇಷನ್ ಕೋಣೆಯ ಹೊರಗೆ ಉಮ್ಮ ನನ್ನ ಕೈ ಹಿಡಿದು ಕೇಳಿದರು: "ಮೋಳೇ, ನಾನು ಮಗುವಿನ ತಲೆಯಲ್ಲಿ ಎಂತ ಹುಡುಕ್ತಾ ಇದ್ದೆ?"

ಇದನ್ನೇ ನೀವು ರೂಮಿನಲ್ಲಿ ತಮಾಷೆಯ ಕಥೆ ಮಾಡಿ ಹೇಳಿದಿರಂತೆ. ಬಾಸಿತ್‌ಗೆ ಅಲ್ಲಿಂದಲೇ ಯಾರೋ ಫೋನಿನಲ್ಲಿ ಹೇಳಿ ನಕ್ಕರಂತೆ. ಗ್ರೂಪಿನಲ್ಲಿ ಮಾತ್ರ ತಪ್ಪು ನನ್ನದು. "ಗೇರುಬೀಜ ಆರಿಸಿಕೊಂಡು ಕೂತವಳಿಗೆ ಮಗಳ ಹೊಟ್ಟೆ ಕಾಣ್ಲಿಕ್ಕುಂಟಾ? ಕೆಲಸ ಬಿಡು, ಇಲ್ಲದಿದ್ರೆ ನಾನು ಬಿಡಿಸ್ತೇನೆ." ನಿಮ್ಮ ಅಣ್ಣಂದಿರು ಅದಕ್ಕೆ ಹೆಬ್ಬೆರಳು ಒತ್ತಿದರು. ಟೀಚರ್ ನನಗೇ ಯಾಕೆ ಫೋನ್ ಮಾಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಉತ್ತರ ನಿಮಗೆ ಗೊತ್ತು. ಶಾಲೆಗೆ ಸೇರಿಸುವಾಗ ನಾನು ಕೊಟ್ಟದ್ದು ನನ್ನ ನಂಬರನ್ನೇ. ನೀವು ಅಲ್ಲಿಂದ ಫೋನ್ ಮಾಡಿ ತೆಗೆಸಿದಿರಿ. "ಹೆಂಡತಿಯ ನಂಬರ್ ಊರಿಗೆಲ್ಲ ಯಾಕೆ?" ಎಂದಿರಿ. ಟೀಚರ್ ಹೇಳಿದ ಮಾತು ನನ್ನ ಕಿವಿಗೆ ಬಿದ್ದಿದ್ದರೆ ಅದರ ಅರ್ಥ ನೋವು ಎಂದೇ ಆಗುತ್ತಿತ್ತು.

ಮಗಳ ಇಂಗ್ಲಿಷ್ ನಿಘಂಟಿನಲ್ಲಿ ಆ ಪದ ನೋಡಿದೆ. ಮೈಯ ನೋವು, ಮನಸ್ಸಿನ ಸಂಕಟ, ಹೆರಿಗೆಯ ಬೇನೆ, ಒಂದು ಕೆಲಸಕ್ಕಾಗಿ ಪಡುವ ಪರಿಶ್ರಮ. ಕಾಟ ಕೊಡುವ ಮನುಷ್ಯನಿಗೂ ಅದೇ ಹೆಸರು. ಕಾನೂನಿನಲ್ಲಿ, ಹೇಳಿದಂತೆ ಕೇಳದಿದ್ದರೆ ಶಿಕ್ಷೆ ಎಂಬ ಬೆದರಿಕೆ. ಆ ಕೊನೆಯ ಅರ್ಥ ಮಾತ್ರ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಉಮ್ಮನಿಗೆ ಇಂಗ್ಲಿಷ್ ಗೊತ್ತಿಲ್ಲದ್ದು ತಪ್ಪಲ್ಲ. ಅವರಿಗೆ ಫೋನ್ ಮಾಡಿ ಅಷ್ಟನ್ನಾದರೂ ಹೇಳಿ. ಹೆತ್ತ ತಾಯಿಯನ್ನು ನಗೆಪಾಟಲು ಮಾಡಿದವರಿಂದ ನನಗೆ ಬುದ್ಧಿಮಾತು ಬೇಡ.

ರೂಮಿನಲ್ಲಿ ನನ್ನನ್ನು ಕೇಳಿದವರಿಗೆ ಸಲಾಂ ಹೇಳಿ, ನಕ್ಕವರಿಗೆ ಬೇಡ. ಅಲ್ಲಾಹು ನಿಮಗೆ ಆರೋಗ್ಯ ಕೊಡಲಿ.

ಮುಮ್ತಾಝ್

ಮರೆತಿದ್ದೆ: ನಿಮ್ಮ ದೊಡ್ಡಣ್ಣ ಅರಾಫತ್ ನಿನ್ನೆ ಕಾರ್ಖಾನೆಗೆ ಫೋನ್ ಮಾಡಿ, ಮುಮ್ತಾಝ್ ಇನ್ನು ಬರುವುದಿಲ್ಲ, ತಮ್ಮನೇ ಹೇಳಿಸಿದ್ದು ಎಂದರಂತೆ. ಸೂಪರ್‌ವೈಸರ್ ನಳಿನಾಕ್ಷಿಯಕ್ಕ ನನಗೇ ಫೋನ್ ಮಾಡಿ, "ಹೌದಾ ಮಾರಾಯ್ತಿ?" ಎಂದು ಕೇಳಿದರು. ಅಲ್ಲ ಎಂದೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ. ಶಾಲೆಯಲ್ಲಿಯೂ ಈಗ ನನ್ನ ನಂಬರೇ ಉಂಟು. ಅದನ್ನು ಟೀಚರಿಗೆ ಹೇಳಿದ್ದು ನಾನಲ್ಲ, ನಿಮ್ಮ ಉಮ್ಮ. ಮನೆಯಿಂದಲೇ ಹತ್ತೂ ಅಂಕೆ ಬಾಯಿಪಾಠ ಮಾಡಿಕೊಂಡು ನನ್ನ ಜೊತೆ ಶಾಲೆಗೆ ಬಂದಿದ್ದರು.