ತಂಗಿಯ ಸಂಬಳಕ್ಕೆ ಅಕ್ಕ ಬರೆದ ಹಾಳೆ

ಮನೆಯಿಂದ,
ಮಂಗಳವಾರ, ಮಾರ್ಚ್ ಹದಿನಾಲ್ಕು, ಊಟವಾದ ಮೇಲೆ

ಮುದ್ದು ತಂಗೀ,

ಹೇಗಿದ್ದೀಯೇ? ಮೊದಲು ನಿನ್ನ ಸೊಂಟದ ಸಮಾಚಾರ ಹೇಳು. ಮೊಮ್ಮಗು ಬಂತು ಅಂತ ದಿನವಿಡೀ ಬಗ್ಗಿ ಎದ್ದು, ಎತ್ತಿ ಇಳಿಸಿ ಮಾಡಬೇಡ. ನೀನು ಅಲ್ಲಿಗೆ ಅಜ್ಜಿಯಾಗಿ ಹೋಗಿರುವುದು, ಕೂಲಿಗಲ್ಲ. ಮಗಳ ಹೊಲಿಗೆ ಬಿಚ್ಚಿದರಾ? ಮಗು ಸರಿಯಾಗಿ ಹಾಲು ಕುಡಿಯುತ್ತಿದೆಯಾ? ಇಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ. ಹೊಸ ಹಲ್ಲಿನ ಸೆಟ್ಟು ಬಂದಿದೆ. ಊಟಕ್ಕೆ ಕೂರುವಾಗ ತೆಗೆದಿಡುತ್ತಾರೆ, ಯಾರಾದರೂ ಮನೆಗೆ ಬಂದರೆ ಹಾಕಿಕೊಳ್ಳುತ್ತಾರೆ. ನನ್ನ ಮೊಣಕಾಲು ಮೊದಲಿನ ಹಾಗೆಯೇ ಇದೆ, ಅದರಲ್ಲಿ ಹೊಸ ಸುದ್ದಿಯೇನಿಲ್ಲ.

ಭಾನುವಾರ ನೀನು ಫೋನ್ ಮಾಡಿ, "ಅಕ್ಕಾ, ಸಂಬಳದ ಮೀಟಿಂಗ್ ಏನಾಯ್ತೇ?" ಎಂದು ಕೇಳಿದೆ. ಸರಿಯಾಗಿ ಕೇಳಿಸುತ್ತಿಲ್ಲ ಎಂದು ನಾನು ಇಟ್ಟುಬಿಟ್ಟೆ. ಎಲ್ಲ ಸರಿಯಾಗಿಯೇ ಕೇಳಿಸುತ್ತಿತ್ತು. ಮಗು ಸೀನಿದ್ದು ಕೂಡ ಕೇಳಿಸಿತು. ನಿನ್ನ ಹತ್ತಿರ ಫೋನಿನಲ್ಲಿ ಏನನ್ನಾದರೂ ಪೂರ್ತಿ ಹೇಳಿ ಮುಗಿಸಿದವರುಂಟೇ? ನಡುವೆ ಬಾಯಿ ಹಾಕಿ ನಾಲ್ಕು ಪ್ರಶ್ನೆ ಕೇಳುತ್ತೀಯ. ಅದಕ್ಕೇ ಇವತ್ತು ರಜೆ ಹಾಕಿ ಈ ಕಾಗದ.

ಮೀಟಿಂಗ್ ಶುಕ್ರವಾರ ಹನ್ನೊಂದಕ್ಕೆ ಆಯಿತು. ಈ ಸಮಿತಿಯವರೆಲ್ಲ ಹೋದ ವರ್ಷ ಗೆದ್ದು ಬಂದ ಹೊಸಬರು, ಅವರಿಗೆ ಇದೇ ಮೊದಲು. ನಗರಸಭೆಯಲ್ಲಿ ಗುಡಿಸುವವರಿಂದ ಎಂಜಿನಿಯರ್‌ವರೆಗೆ ಎಲ್ಲರಿಗೂ ಸಂಬಳದ ಪಟ್ಟಿ ಇದೆ, ಹಿರಿಯ ಕಾನೂನು ಅಧಿಕಾರಿಗೆ (ಅದೇ, ನಿನಗೆ) ಮಾತ್ರ ಇಲ್ಲ, ಮೂರು ವರ್ಷಕ್ಕೊಮ್ಮೆ ಸಮಿತಿ ಕೂತು ಗೊತ್ತು ಮಾಡಬೇಕು ಅಂತ ನಾನೇ ಅವರಿಗೆ ವಿವರಿಸಿದೆ. ಅವರ ಮುಂದೆ ಇಡುವುದು ಎರಡೇ ಕಾಗದ. ಸುತ್ತಲಿನ ನಗರಗಳು ಎಷ್ಟು ಕೊಡುತ್ತವೆ ಎಂಬುದು ಒಂದು, ಅಧಿಕಾರಿ ಮೂರು ವರ್ಷದಲ್ಲಿ ಏನು ಮಾಡಿದರು ಎಂಬ ಒಂದು ಪುಟದ ಸೇವಾ ಟಿಪ್ಪಣಿ ಇನ್ನೊಂದು. ಆ ಟಿಪ್ಪಣಿಯನ್ನು ನಡಾವಳಿ ಬರೆಯುವವರೇ ಬರೆಯಬೇಕೆಂಬ ರೂಢಿ ನಿನಗೆ ಗೊತ್ತೇ ಇದೆ. ಮೂವತ್ತೊಂಬತ್ತು ವರ್ಷದಿಂದ ನಡಾವಳಿ ಬರೆಯುತ್ತಿರುವವಳು ನಾನು. ಅಧ್ಯಕ್ಷರಾದ ಡ್ರಿಲ್ ಮೇಷ್ಟ್ರು ಮೊದಲೇ ನಗೆಯಾಡಿದ್ದರು: "ಅಕ್ಕನ ಕೈಲಿ ತಂಗಿ ಬಗ್ಗೆ ಬರೆಸಿದ್ರೆ ಹೊಗಳಿ ಹೊಗಳಿ ಅಟ್ಟಕ್ಕೇರಿಸ್ತೀರಿ. ಒಂದೇ ಪುಟ ಅಮ್ಮಾ, ಹಿಂಬದಿಗೆ ಹೋಗ್ಬೇಡಿ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಾನು ಹೊಗಳುತ್ತೇನೆ ಎಂದು ಅವರಿಗೆ ಭಯವಿತ್ತೇ ಹೊರತು ಬೇರೆ ಭಯ ಯಾರಿಗೂ ಬರಲಿಲ್ಲ.

ಸಮಿತಿಯ ಔಷಧಿ ಅಂಗಡಿಯವರು ಆ ಹಾಳೆಯನ್ನು ಎರಡು ಸಲ ಓದಿದರು. "ನೋಟಿಸಿಗೆ ಉತ್ತರ ಕೊಟ್ಟಿದ್ದಾರೆ, ಅಭಿಪ್ರಾಯ ಬರೆದಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ, ಬಂದಿದ್ದಾರೆ. ಇದನ್ನ ಯಾರಾದ್ರೂ ಮಾಡ್ತಾರಲ್ವಾ? ವಿಶೇಷ ಏನಿದೆ ಇದ್ರಲ್ಲಿ?" ಅಂದರು. ಮೇಷ್ಟ್ರು ನನ್ನ ಕಡೆ ತಿರುಗಿ, "ಏನಾದ್ರೂ ಬಿಟ್ಟುಹೋಗಿದ್ಯಾ ಅಮ್ಮಾ?" ಎಂದು ಕೇಳಿದರು. ಒಳ್ಳೆಯ ಮನುಷ್ಯ, ನಿಜವಾಗಿಯೂ ಕೇಳಿದರು. "ಇರೋದೆಲ್ಲ ಹಾಳೇಲಿದೆ" ಅಂದೆ. ಹಳೆಯ ಸಂಬಳವೇ ಇನ್ನೂ ಮೂರು ವರ್ಷ ಮುಂದುವರಿಯಲಿ ಎಂದಾಯಿತು. ಪಕ್ಕದ ನಗರದವರು ಅದರ ಒಂದೂವರೆ ಪಟ್ಟು ಕೊಡುತ್ತಾರೆ. ಹನ್ನೊಂದು ನಿಮಿಷದ ಕೆಲಸ, ಆಮೇಲೆ ಚಹಾ ಬಂತು. ಬರುವ ಸೋಮವಾರ ಪೂರ್ತಿ ಸಭೆ ಒಪ್ಪಿಬಿಟ್ಟರೆ ಮೂರು ವರ್ಷ ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ನೀನು ಮಗಳ ಊರಿಗೆ ಹೊರಡುವಾಗ ಬಸ್ಸಿನ ಕಿಟಕಿಯಲ್ಲಿ ಹೇಳಿದ್ದು ನನಗೆ ಮರೆತಿಲ್ಲ: "ಈ ಸಲವೂ ಹೀಗೇ ಆದ್ರೆ ಪಕ್ಕದ ನಗರದವ್ರು ಕರೀತಿದ್ದಾರೆ, ಹೊರಟೇಬಿಡ್ತೀನಿ ಕಣೇ."

ಈಗ ನಿನಗೆ ಅನುಮಾನ ಬಂದಿರುತ್ತದೆ. ಹೌದು, ಹಳೇ ಮಾರುಕಟ್ಟೆಯ ಜಾಗದ ವಿಷಯವನ್ನು ನಾನು ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ. ಬರೆದೆ, ಓದಿದೆ, ಆ ಹಾಳೆ ಹರಿದು ಬೇರೆ ಹಾಳೆ ತೆಗೆದುಕೊಂಡೆ.

ಎರಡು ವರ್ಷದ ಹಿಂದೆ, ಈ ಸಮಿತಿಯವರು ಬರುವ ಮೊದಲು, ಆ ಕಂಪನಿಯವರು ಜಾಗ ತಮ್ಮದು ಎಂದು ನೋಟಿಸು ಕಳಿಸಿದಾಗ ಇನ್ನೂರು ಅಂಗಡಿಯವರು ನಗರಸಭೆಯ ಮೆಟ್ಟಿಲ ಮೇಲೆ ಬಂದು ಕೂತಿದ್ದರಲ್ಲ. ದಾಖಲೆ ಕೋಣೆಯಲ್ಲಿ ಒಂಬತ್ತು ದಿನ ಧೂಳು ಕುಡಿದು, ಆ ಜಾಗವನ್ನು ನಗರಸಭೆ ಬಾಡಿಗೆಗೆ ಪಡೆದದ್ದಲ್ಲ, ಕೊಂಡದ್ದು ಎಂಬ ಹಳೆಯ ಠರಾವನ್ನು ಹುಡುಕಿದವಳು ನಾನು. ಲಿಫ್ಟು ಕೆಟ್ಟಿತ್ತು. ಆ ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಮೂರು ಮಹಡಿ ಹತ್ತಿ ನಿನ್ನ ಮೇಜಿನ ಮೇಲಿಟ್ಟೆ. ನೀನು ಎರಡು ಪುಟದ ಉತ್ತರ ಬರೆದೆ. ಕಂಪನಿಯವರು ಕೋರ್ಟಿಗೂ ಹೋಗದೆ ತೆಪ್ಪಗಾದರು. ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ, ಆಯುಕ್ತರು ಮಾತ್ರ ಸಿಬ್ಬಂದಿಯನ್ನೆಲ್ಲ ಸಭಾಂಗಣಕ್ಕೆ ಕರೆದು ಹೊಗಳಿದರು. ನೀನು ಕೈಮುಗಿದು, "ಕಚೇರಿಯವರೆಲ್ಲರ ಸಹಕಾರ" ಅಂದೆ. ಸಹಕಾರ! ಆ ಹೊಗಳಿಕೆಯನ್ನೂ, ಎಷ್ಟು ಹೊತ್ತು ಚಪ್ಪಾಳೆಯಾಯಿತು ಎಂಬುದನ್ನೂ ನಡಾವಳಿಯಲ್ಲಿ ಬರೆದವಳು ನಾನೇ. ಆ ಸಂಜೆ ನನಗೊಂದು ಕೊಡೆ ತಂದುಕೊಟ್ಟೆ. ನಾನು ಯಾವಾಗ ಕೊಡೆ ಕೇಳಿದ್ದೆ?

ಹೊಟ್ಟೆಕಿಚ್ಚು ಕಣೇ. ಬೇರೆ ಹೆಸರು ಹುಡುಕಿ ಹುಡುಕಿ ಸಾಕಾಯಿತು. ನಿನ್ನ ಕೋಣೆಗೆ ಎರಡು ಕಿಟಕಿ. ಬಾಗಿಲ ಮೇಲಿನ ಹಿತ್ತಾಳೆ ಫಲಕವನ್ನು ಸೋಮವಾರ ಸೋಮವಾರ ಉಜ್ಜುತ್ತಾರೆ. ನೀನು ಬಂದರೆ ಕೂತವರು ಏಳುತ್ತಾರೆ. ನನಗಾದರೆ ನಿನ್ನೆ ಕೆಲಸಕ್ಕೆ ಸೇರಿದವರು ಕೂಡ, "ಅಮ್ಮಾ, ಆ ಫೈಲ್ ಸ್ವಲ್ಪ ಕೊಡಿ" ಅನ್ನುತ್ತಾರೆ. ಅಪ್ಪ ಹೋದಾಗ ನನಗೆ ಹತ್ತೊಂಬತ್ತು, ನಿನಗೆ ಹದಿಮೂರು. ನಾನು ಟೈಪಿಸ್ಟ್ ಆಗಿ ಸೇರಿದೆ, ನಿನ್ನ ಫೀಸು ಕಟ್ಟಿದೆ. ಇಂಥದ್ದನ್ನೆಲ್ಲ ನೆನಪಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೂ ನೋಡು, ನೆನಪಿಸಿಬಿಟ್ಟೆ. ಉರಿಯುವುದು ಫೀಸಿಗಲ್ಲ. ನಿನ್ನ ಕಾನೂನಿನ ನೋಟ್ಸುಗಳನ್ನು ಟೈಪು ಮಾಡಿಕೊಡುತ್ತಿದ್ದೆನಲ್ಲ, ನನಗೂ ಅದೆಲ್ಲ ಅರ್ಥವಾಗುತ್ತಿತ್ತು, ಅದಕ್ಕೆ. ನಿನಗೆ ಬಾಯಿಪಾಠವಾಗುವ ಮೊದಲೇ ನನಗಾಗಿರುತ್ತಿತ್ತು. ಅದನ್ನು ಯಾರಿಗೆ ಹೇಳಲಿ? ನಿನ್ನ ಭಾವನಿಗೆ ಹೇಳಿದರೆ, "ಹಾಗಾದ್ರೆ ನಮ್ಮ ಪಕ್ಕದ ಮನೆಯವರ ಮೇಲೆ ಒಂದು ಕೇಸ್ ಹಾಕು" ಅನ್ನುತ್ತಾರೆ.

ಆ ಹಾಳೆ ಬರೆಯುವಾಗ ಒಂದು ಥರ ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ಅದರಲ್ಲಿ ಒಂದಕ್ಷರ ತಪ್ಪಿಲ್ಲ, ಎಲ್ಲ ತಾರೀಖೂ ಸರಿಯಾಗಿದೆ. ನಿನ್ನ ಮೂರು ವರ್ಷ ಒಣಗಿದ ಬಟ್ಟೆ ಮಡಿಸಿಟ್ಟ ಹಾಗೆ ಚೊಕ್ಕಟವಾಗಿತ್ತು. ಚಹಾ ಕುಡಿದು ಬಾಗಿಲ ಹತ್ತಿರ ಬಂದಾಗ ಔಷಧಿ ಅಂಗಡಿಯವರು ಇನ್ನೊಬ್ಬರಿಗೆ, "ಸಾಧಾರಣ ಹೆಂಗಸು ಬಿಡಿ, ಹೋದ್ರೆ ಇನ್ನೊಬ್ರು ಸಿಗ್ತಾರೆ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಯಾರಪ್ಪ ಇವನು ನನ್ನ ತಂಗಿಯನ್ನು ಸಾಧಾರಣ ಅನ್ನುವುದಕ್ಕೆ! ಕಾಲರು ಹಿಡಿದು ಕೇಳಬೇಕು ಅನ್ನಿಸಿತು. ಕೇಳುವ ಬಾಯಿ ಎಲ್ಲಿಂದ ತರಲಿ? ಹಾಗೆ ಬರೆದುಕೊಟ್ಟವಳು ನಾನಲ್ಲವೇ. ಅವತ್ತಿನಿಂದ ಊಟ ಸೇರುತ್ತಿಲ್ಲ. ನಿನ್ನ ಭಾವ ಹಲ್ಲು ಹಾಕಿಕೊಳ್ಳದೆಯೇ ನನ್ನ ಪಾಲನ್ನೂ ತಿನ್ನುತ್ತಿದ್ದಾರೆ.

ಇನ್ನು ಬರೆಯಲಾರೆ. ಬೈಯಬೇಕೆನಿಸಿದರೆ ಪೂರ್ತಿ ಬೈದು ಬರೆ, ಅರ್ಧಕ್ಕೆ ಬಿಡಬೇಡ. ಬಾಣಂತಿಗೆ ನನ್ನ ಆಶೀರ್ವಾದ, ಮಗುವಿಗೆ ದೊಡ್ಡಜ್ಜಿಯ ಮುತ್ತು. ಸೊಂಟ ಜೋಪಾನ.

ನಿನ್ನ,
ಅಕ್ಕ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವರು ಐದಕ್ಕೆ ಡಬ್ಬ ತೆಗೆಯುತ್ತಾರೆ. ಈಗಷ್ಟೇ ಮೇಷ್ಟ್ರ ಮನೆಗೆ ಹೋಗಿ ಬಂದೆ. ಮಾರುಕಟ್ಟೆಯ ವಿಷಯವನ್ನು ಬೇಕೆಂದೇ ಬಿಟ್ಟೆ, ನನ್ನ ಟಿಪ್ಪಣಿ ನಂಬಬೇಡಿ ಎಂದು ಹೇಳಿದೆ. ಅವರು, "ನೀವು ಹೊಗಳ್ತೀರಿ ಅಂತ ಹೆದರಿದ್ವಲ್ಲಮ್ಮಾ ನಾವು" ಅಂದರು. ಅಲ್ಲಿಂದಲೇ ಫೋನ್ ಮಾಡಿ ಸೋಮವಾರದ ಸಭೆಯ ಪಟ್ಟಿಯಿಂದ ವಿಷಯ ತೆಗೆಸಿದ್ದಾರೆ. ಇಪ್ಪತ್ತನಾಲ್ಕಕ್ಕೆ ಸಮಿತಿ ಮತ್ತೆ ಕೂರುತ್ತದೆ, ನಾನು ಹೊರಗಿರುತ್ತೇನೆ. ನನ್ನ ಮೇಲೆ ಏನು ಕ್ರಮವೋ ಅದು ಆಮೇಲೆ. ಈ ಸಲ ಟಿಪ್ಪಣಿ ನೀನೇ ಬರೆದು ಕಳಿಸಬೇಕಂತೆ, ಒಂದೇ ಪುಟ. ಮಾರುಕಟ್ಟೆಯದನ್ನು ಮೊದಲು ಬರೆ. ಆ ಠರಾವನ್ನು ಹುಡುಕಿದವರು ಯಾರು ಅಂತ ಬರೆಯುವುದೂ ಬಿಡುವುದೂ ನಿನ್ನಿಷ್ಟ, ನಾನೇನೂ ಕೇಳುವುದಿಲ್ಲ ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ ನೋಡು. ಕೇಳುತ್ತಿದ್ದೇನೆ. ನನ್ನ ಹೆಸರು ಬರೆ.